ರವಿವಾರದ ಅಡಿಗೆಗೆ ಮನೆಯ ತತ್ತಿ



ಹಳ್ಳಿಯ ಮನೆಗೆ ರವಿವಾರವೆಂದರೆ ಬಿಡುವಿನ ದಿನವಲ್ಲ. ಶಾಲೆಗೆ ರಜೆ ಇರುವುದರಿಂದ ಮಕ್ಕಳು ಮನೆಯಲ್ಲಿರುತ್ತಾರೆ. ಹೊಲದ ಕೆಲಸಕ್ಕೆ ಮಾತ್ರ ರಜೆ ಇರುವುದಿಲ್ಲ. ವಾರವೆಲ್ಲ ಉಳಿದ ಬಟ್ಟೆ ಒಗೆಯುವುದು, ಮನೆ ಸಾರಿಸುವುದು, ಮಕ್ಕಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವುದು, ಕಾಳು ಹಸನು ಮಾಡುವುದು ಎಲ್ಲವೂ ಅದೇ ದಿನಕ್ಕೆ ಬಂದು ಕೂಡುತ್ತವೆ. ಇಷ್ಟರ ನಡುವೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ದಿನವೂ ಅದೇ. ಆ ಒಂದು ಊಟದಲ್ಲಿ ಮನೆಯ ಕೋಳಿಯ ತತ್ತಿಗೆ ಯಾವ ಸ್ಥಾನವಿರಬೇಕು, ಅದನ್ನು ಹೇಗೆ ಕಾಯ್ದಿಡಬೇಕು, ಹೇಗೆ ಬೇಯಿಸಬೇಕು, ಯಾರಿಗೆ ಎಷ್ಟು ಬಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮುಂಡರಗಿ ತಾಲ್ಲೂಕಿನ ಡಂಬಳವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದೊಡ್ಡಬಸಪ್ಪನ ಗುಡಿಯಿಂದಲೂ ದೊಡ್ಡ ಕೆರೆಯಿಂದಲೂ ಹೆಸರಾದ ಊರು ಇದು. ಸುತ್ತಲ ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಮಸಾರಿಯಲ್ಲಿ ಶೇಂಗಾ, ಉಳ್ಳಾಗಡ್ಡಿ ಬರುತ್ತವೆ. ರೊಟ್ಟಿ, ಕಾಳುಪಲ್ಯ, ಹಿಂಡಿ, ಮಜ್ಜಿಗೆ ಇಲ್ಲಿಯ ನಿತ್ಯದ ಊಟ. ಇದು ಒಳ್ಳೆಯ ಊಟವೇ. ಆದರೆ ಈ ಊಟದ ಒಳ್ಳೆಯ ಭಾಗ ಮನೆಯ ಎಲ್ಲರ ತಾಟಿಗೂ ಸಮನಾಗಿ ಬೀಳುತ್ತದೆಯೇ ಎಂಬುದೇ ಪ್ರಶ್ನೆ.

ಆರು ದಿನ ಶಾಲೆಯಲ್ಲಿ, ಏಳನೆಯ ದಿನ?

ಶಾಲೆಯ ಮಧ್ಯಾಹ್ನದ ಊಟದಲ್ಲಿ ತತ್ತಿ ಕೊಡುವುದು ನಮ್ಮ ರಾಜ್ಯದಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮೊದಲಾಯಿತು. ಡಂಬಳದವರಿಗೆ ನೆರೆಯದಾದ ಕೊಪ್ಪಳ ಜಿಲ್ಲೆ ಆ ಮೊದಲ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ಉಳಿದ ಜಿಲ್ಲೆಗಳಿಗೂ ಅದು ಬಂದಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದನ್ನು ವಾರದ ಆರು ದಿನಗಳಿಗೆ ವಿಸ್ತರಿಸಲಾಯಿತು. ತತ್ತಿ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡೂ ಇದರಲ್ಲಿದೆ.

ಇದು ಒಳ್ಳೆಯದೇ ಆಯಿತು. ಆದರೆ ಶಾಲೆಯ ತತ್ತಿ ಶಾಲೆಗೆ ಹೋಗುವ ಮಗುವಿಗೆ ಮಾತ್ರ. ಇನ್ನೂ ಶಾಲೆಗೆ ಹೋಗದ ಕೂಸು, ಶಾಲೆ ಬಿಟ್ಟು ಮನೆಯಲ್ಲಿ ಉಳಿದ ಹುಡುಗಿ, ಹೊಲಕ್ಕೂ ಒಲೆಗೂ ಓಡಾಡುವ ಸೊಸೆ, ಹಲ್ಲು ಬಿದ್ದ ಅಜ್ಜಿ ಇವರೆಲ್ಲ ಆ ಲೆಕ್ಕದ ಹೊರಗೆ ಉಳಿಯುತ್ತಾರೆ. ಶಾಲೆಯ ಮಗುವಿಗೂ ರವಿವಾರ ಮನೆಯ ಊಟವೇ ಗತಿ. ಆದ್ದರಿಂದ ಏಳನೆಯ ದಿನದ ಹೊಣೆ ಮನೆಯದು.

ಈ ಹೊಣೆ ಚಿಕ್ಕದಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದ್ದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅನ್ನ ಬೆಳೆಯುವ ರೈತನ ಮನೆಯೂ ಈ ಲೆಕ್ಕದಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು.

ತತ್ತಿಯಲ್ಲಿ ಏನಿದೆ?

ಸುಮಾರು 50 ಗ್ರಾಂ ತೂಕದ ಒಂದು ತತ್ತಿಯಲ್ಲಿ 6 ಗ್ರಾಂಗಿಂತ ತುಸು ಹೆಚ್ಚು ಸಸಾರಜನಕ, 5 ಗ್ರಾಂ ಕೊಬ್ಬು ಇದ್ದು, ಅದರಿಂದ 70 ಕ್ಯಾಲೊರಿಗೂ ಹೆಚ್ಚು ಶಕ್ತಿ ದೊರೆಯುತ್ತದೆ. ನಮ್ಮ ಜವಾರಿ ಕೋಳಿಯ ತತ್ತಿ ಚಿಕ್ಕದು. ಅದರಲ್ಲಿ ಸುಮಾರು 5 ಗ್ರಾಂ ಸಸಾರಜನಕವಿದೆಯೆಂದು ಹಿಡಿಯಬಹುದು. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಸಸಾರಜನಕ ಬೇಕು. ಅಂದರೆ ಒಂದು ತತ್ತಿಯಿಂದ ಅದರ ಕಾಲುಭಾಗದಷ್ಟು ಬಂದಂತಾಯಿತು. ಇದಲ್ಲದೆ ಕಣ್ಣಿಗೆ ಬೇಕಾದ ಎ ಜೀವಸತ್ವ, ರಕ್ತಕ್ಕೂ ನರಗಳಿಗೂ ಬೇಕಾದ ಬಿ-12 ಜೀವಸತ್ವ ತತ್ತಿಯಲ್ಲಿವೆ. ಬಿ-12 ಜೀವಸತ್ವವು ಕಾಳುಕಡಿಯಲ್ಲಿ, ತಪ್ಪಲ ಪಲ್ಯದಲ್ಲಿ ಸಿಗುವುದಿಲ್ಲ.

ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತತ್ತಿಯಲ್ಲಿ ಅದು ಹೇರಳವಾಗಿದೆ. ಆದ್ದರಿಂದ ಜೋಳದ ರೊಟ್ಟಿಯ ಜೊತೆಗೆ ತತ್ತಿ ತಿಂದರೆ ರೊಟ್ಟಿಯ ಕೊರತೆಯೂ ತುಂಬಿಬರುತ್ತದೆ. ಕಡಲೆಯೂ ಇದೇ ಕೆಲಸವನ್ನು ಮಾಡುತ್ತದೆ.

ಆದರೆ ತತ್ತಿ ಸರ್ವರೋಗಕ್ಕೂ ಮದ್ದಲ್ಲ. ಅದರಲ್ಲಿ ಸಿ ಜೀವಸತ್ವ ಇಲ್ಲ. ಅದರ ಕಬ್ಬಿಣಾಂಶವನ್ನು ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಆದ್ದರಿಂದ ತತ್ತಿಯೊಂದಿಗೆ ರಾಜಗಿರಿ, ಮೆಂತ್ಯೆ ಮುಂತಾದ ತಪ್ಪಲ ಪಲ್ಯವಿರಲಿ. ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಕೂಡಲೇ ಚಹ ಕುಡಿಯಬೇಡಿ. ಚಹವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಚಹಕ್ಕೂ ನಡುವೆ ಒಂದು ತಾಸಾದರೂ ಇರಲಿ. ರಕ್ತಹೀನತೆ ಇದ್ದವರು ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಬಾರದು.

ಸಿಪ್ಪೆ ಕೆಂಪಗಿದ್ದರೆ ಸತ್ವ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ ಎಂಬುದು ಸರಿಯಲ್ಲ. ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸೇರಿದ್ದು. ಒಳಗಿನ ಹಳದಿ ಗಾಢವಾಗಿರುವುದು ಕೋಳಿ ಹಸಿರು ಮೇವು, ಗೋವಿನಜೋಳ ತಿಂದುದರಿಂದ. ಬೇಸಿಗೆಯಲ್ಲಿ ತತ್ತಿ ಉಷ್ಣವೆಂದು ಮಕ್ಕಳಿಗೆ ಕೊಡದಿರುವ ರೂಢಿಯೂ ಉಂಟು. ಚೆನ್ನಾಗಿ ಬೇಯಿಸಿದ ಒಂದು ತತ್ತಿಯಿಂದ ಬೇಸಿಗೆಯಲ್ಲಿಯೂ ತೊಂದರೆಯಿಲ್ಲ. ಬೇಸಿಗೆಯಲ್ಲಿ ತೊಂದರೆ ಕೊಡುವುದು ಕೆಟ್ಟ ತತ್ತಿ.

ಮನೆಗೆ ಎಷ್ಟು ಕೋಳಿ ಬೇಕು?

ಅನೇಕ ಮನೆಗಳಲ್ಲಿ ಕೋಳಿ ಇರುತ್ತದೆ, ತತ್ತಿ ಇರುವುದಿಲ್ಲ. ಇಟ್ಟ ತತ್ತಿಯಲ್ಲಿ ಒಂದು ಪಾಲು ಕಾವಿಗೆ ಹೋಗುತ್ತದೆ, ಉಳಿದದ್ದು ಮಾರಾಟಕ್ಕೆ. ಮಾರಿದ ಹಣ ಉಪ್ಪಿಗೆ, ಎಣ್ಣೆಗೆ, ಮಕ್ಕಳ ಪಾಟಿ-ಪುಸ್ತಕಕ್ಕೆ ಆಗುತ್ತದೆ. ಮಾರುವುದು ತಪ್ಪಲ್ಲ. ಆದರೆ ಮೊದಲು ಮನೆಯ ಪಾಲನ್ನು ತೆಗೆದಿಟ್ಟು ಆಮೇಲೆ ಮಾರಬೇಕು.

ಇದಕ್ಕೆ ಸುಲಭವಾದ ಲೆಕ್ಕವಿದೆ. ಜವಾರಿ ಹೇಂಟೆ ವರ್ಷಕ್ಕೆ ಸುಮಾರು 60 ತತ್ತಿ ಇಡುತ್ತದೆಯೆಂದು ಹಿಡಿಯಿರಿ. ಐದು ಹೇಂಟೆಗಳಿಂದ 300 ತತ್ತಿ. ವರ್ಷಕ್ಕೆ 52 ರವಿವಾರ. ಅಂದರೆ ವಾರಕ್ಕೆ ಸುಮಾರು 6 ತತ್ತಿ. ಅಜ್ಜ, ಅಜ್ಜಿ, ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ರವಿವಾರಕ್ಕೊಮ್ಮೆ ತಲೆಗೊಂದು ತತ್ತಿ ಆಯಿತು. ಕಾವಿಗೆ ಕೂಡಿಸಲಿಕ್ಕೂ ಮಾರಲಿಕ್ಕೂ ಬೇಕೆಂದರೆ ಇನ್ನು ಮೂರು ನಾಲ್ಕು ಹೇಂಟೆ ಹೆಚ್ಚಿಗೆ ಸಾಕಬೇಕು. ಹೇಂಟೆ ಎಲ್ಲ ತಿಂಗಳೂ ಒಂದೇ ಸಮನೆ ತತ್ತಿ ಇಡುವುದಿಲ್ಲ. ಪುಕ್ಕ ಉದುರುವ ಕಾಲದಲ್ಲಿಯೂ, ಕಾವಿಗೆ ಕುಳಿತು ಮರಿ ಸಾಕುವ ಕಾಲದಲ್ಲಿಯೂ ನಿಲ್ಲಿಸುತ್ತದೆ. ಆದ್ದರಿಂದ ಎಲ್ಲ ಹೇಂಟೆಗಳನ್ನೂ ಒಮ್ಮೆಗೇ ಕಾವಿಗೆ ಕೂಡಿಸಬೇಡಿ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಿನಲ್ಲಿ ಸಾಕಲು ತಕ್ಕವು. ಒಳ್ಳೆಯ ಆರೈಕೆ ಇದ್ದರೆ ಜವಾರಿ ಕೋಳಿಯ ಎರಡು ಪಟ್ಟಿನಷ್ಟು ತತ್ತಿ ಕೊಡುತ್ತವೆ. ಆದರೆ ಇವು ಕಾವಿಗೆ ಸರಿಯಾಗಿ ಕೂಡುವುದಿಲ್ಲ. ಆದ್ದರಿಂದ ಜವಾರಿ ಹೇಂಟೆಯನ್ನು ಪೂರ್ತಿ ಕೈಬಿಡಬಾರದು.

ನುಚ್ಚುಜೋಳ, ಸಜ್ಜೆ, ಶೇಂಗಾ ಹಿಂಡಿಯ ಪುಡಿ, ತಪ್ಪಲು ಇವುಗಳ ಜೊತೆಗೆ ಸುಣ್ಣದಂಶಕ್ಕಾಗಿ ಕಪ್ಪೆಚಿಪ್ಪಿನ ಪುಡಿ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ಪಶುವೈದ್ಯರನ್ನು ಕೇಳಿ ಕಾಲಕ್ಕೆ ಸರಿಯಾಗಿ ಹಾಕಿಸಿರಿ. ಆ ರೋಗ ಬಂದರೆ ಗೂಡೇ ಬರಿದಾಗುತ್ತದೆ.

ವಾರದ ತತ್ತಿಯನ್ನು ರವಿವಾರದವರೆಗೆ ಕಾಯುವುದು

ಸೋಮವಾರ ಇಟ್ಟ ತತ್ತಿ ರವಿವಾರದ ಹೊತ್ತಿಗೆ ಆರು ದಿನದ್ದಾಗಿರುತ್ತದೆ. ಚಳಿಗಾಲದಲ್ಲಿ ಇದು ತೊಂದರೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಬಂದಾಗ ಎಚ್ಚರಿಕೆ ಬೇಕು. ಹುಂಜ ಕೂಡಿದ ಹೇಂಟೆಯ ತತ್ತಿಯಲ್ಲಿ ಜೀವಾಂಕುರವಿರುತ್ತದೆ. ಆ ಸೆಕೆಗೆ ಎರಡು ಮೂರು ದಿನಗಳಲ್ಲಿಯೇ ಅದರೊಳಗೆ ರಕ್ತದ ಎಳೆ ಕಾಣಿಸಿಕೊಳ್ಳುತ್ತದೆ. ಹುಂಜವಿಲ್ಲದಿದ್ದರೂ ಹೇಂಟೆ ತತ್ತಿ ಇಡುತ್ತದೆ. ಅಂಥ ತತ್ತಿ ಹೆಚ್ಚು ದಿನ ತಾಳುತ್ತದೆ, ಅದರಲ್ಲಿ ಮರಿಯೂ ಆಗುವುದಿಲ್ಲ. ಕಾವಿಗೆ ಬೇಡವಾದ ಕಾಲದಲ್ಲಿ ಹುಂಜವನ್ನು ಬೇರೆ ಕಟ್ಟುವುದು ಜಾಣತನ.

ಶೀತಪೆಟ್ಟಿಗೆ ಇಲ್ಲದ ಮನೆಯಲ್ಲಿ ಹೀಗೆ ಮಾಡಬಹುದು. ಅಗಲ ಬಾಯಿಯ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಅರ್ಧಕ್ಕೆ ಉಸುಕು ತುಂಬಿ ನೀರು ಹಾಕಿ ತೋಯಿಸಿರಿ. ಅದರ ಮೇಲೆ ಚಿಕ್ಕ ಗಡಿಗೆಯನ್ನಿಟ್ಟು ಸುತ್ತಲೂ ಉಸುಕು ಒತ್ತಿರಿ. ಚಿಕ್ಕ ಗಡಿಗೆಯೊಳಗೆ ಒಣಹುಲ್ಲು ಹಾಸಿ, ತತ್ತಿಯ ಚೂಪು ತುದಿ ಕೆಳಗಾಗುವಂತೆ ಜೋಡಿಸಿರಿ. ತೆಳುವಾದ ಅರಿವೆಯಿಂದ ಬಾಯಿ ಮುಚ್ಚಿ ಗಾಳಿಯಾಡುವ ನೆರಳಿನಲ್ಲಿಡಿರಿ. ಬೆಳಿಗ್ಗೆ ಸಂಜೆ ಉಸುಕಿಗೆ ನೀರು ಚಿಮುಕಿಸಿರಿ. ಒಳಗಿನ ಹುಲ್ಲು ಮಾತ್ರ ತೋಯಬಾರದು. ಕಡುಬೇಸಿಗೆಯಲ್ಲಿ ಇಷ್ಟು ಮಾಡಿದರೂ ವಾರಪೂರ್ತಿ ಕಾಯದೆ ನಡುವೆ ಒಮ್ಮೆ, ಬುಧವಾರವೋ ಗುರುವಾರವೋ ಬಳಸಿಬಿಡುವುದು ಮೇಲು.

ಇಡುವ ಮುನ್ನ ತತ್ತಿಯನ್ನು ತೊಳೆಯಬಾರದು. ಸಿಪ್ಪೆಯ ಮೇಲೆ ನಿಸರ್ಗವೇ ಬಳಿದ ತೆಳು ಪೊರೆಯಿರುತ್ತದೆ. ತೊಳೆದರೆ ಆ ಪೊರೆ ಹೋಗಿ ಸಿಪ್ಪೆಯ ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣುಗಳು ಒಳಸೇರುತ್ತವೆ. ಹಿಕ್ಕೆ ಹತ್ತಿದ್ದರೆ ಒಣ ಅರಿವೆಯಿಂದ ಒರೆಸಿರಿ. ತೊಳೆಯುವುದು ಅಡಿಗೆಗೆ ಒಡೆಯುವ ಮುಂಚೆ ಮಾತ್ರ.

ತತ್ತಿ ಹಳೆಯದೋ ಹೊಸದೋ ತಿಳಿಯಲು ಬೋಗುಣಿಯ ನೀರಿನಲ್ಲಿ ಬಿಡಿರಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ನೆಟ್ಟಗೆ ನಿಂತರೆ ಕೆಲವು ದಿನಗಳದ್ದು, ಬೇಗ ಬಳಸಬೇಕು. ಮೇಲೆ ತೇಲಿದರೆ ತಿಪ್ಪೆಗೆ ಹಾಕಬೇಕು. ದಿನ ಕಳೆದಂತೆ ಒಳಗಿನ ತೇವ ಆರಿ ಗಾಳಿಯ ಚೀಲ ದೊಡ್ಡದಾಗುವುದೇ ಇದಕ್ಕೆ ಕಾರಣ.

ಬೇಯಿಸುವ ಕ್ರಮ

ಹಸಿ ತತ್ತಿ ಕುಡಿದರೆ ಶಕ್ತಿ ಬರುತ್ತದೆಂದು ಗರಡಿಯ ಹುಡುಗರು ನಂಬುತ್ತಾರೆ. ಇದು ತಪ್ಪು. ಹಸಿ ತತ್ತಿಯ ಸಸಾರಜನಕ ಬೇಯಿಸಿದ್ದಷ್ಟು ಜೀರ್ಣವಾಗುವುದಿಲ್ಲ. ಹಸಿ ಬಿಳಿ ಲೋಳೆಯು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಂಡು ಮೈಗೆ ಸಿಗದಂತೆ ಮಾಡುತ್ತದೆ. ಜೊತೆಗೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ವಾಂತಿಭೇದಿಯ ಭಯವೂ ಇದೆ. ಬಿಳಿಯೂ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸುವುದೇ ಸರಿ. ಬಸುರಿಯರು, ಕೂಸುಗಳು, ಮುದುಕರು ಇರುವ ಮನೆಯಲ್ಲಿ ಇದು ಕಡ್ಡಾಯ.

ಕುದಿಸುವಾಗ ಉರುವಲು ಉಳಿಸಲು ಒಂದು ವಿಧಾನವಿದೆ. ತತ್ತಿಗಳನ್ನು ತಣ್ಣೀರಿನಲ್ಲಿಟ್ಟು, ನೀರು ಒಂದು ಅಂಗುಲ ಮೇಲೆ ನಿಲ್ಲುವಂತೆ ಮಾಡಿ ಒಲೆಗೇರಿಸಿರಿ. ಕುದಿ ಬಂದ ಮೇಲೆ 2 ನಿಮಿಷ ಬಿಟ್ಟು ಪಾತ್ರೆಯನ್ನಿಳಿಸಿ, ಬಿಗಿಯಾಗಿ ಮುಚ್ಚಿ 12 ನಿಮಿಷ ಇಡಿರಿ. ಆಮೇಲೆ ತಣ್ಣೀರಿಗೆ ಹಾಕಿದರೆ ಸಿಪ್ಪೆ ಬಿಡಿಸುವುದು ಹಗುರ. ಅತಿಯಾಗಿ ಕುದಿಸಿದರೆ ಹಳದಿಯ ಸುತ್ತ ಹಸಿರು ಉಂಗುರ ಬರುತ್ತದೆ. ಅದು ಗಂಧಕ ಮತ್ತು ಕಬ್ಬಿಣದ ಕೂಡಿಕೆ. ತಿಂದರೆ ಕೇಡಿಲ್ಲ, ರುಚಿ ಮಾತ್ರ ಕೆಡುತ್ತದೆ. ಆಗಷ್ಟೇ ಇಟ್ಟ ತತ್ತಿಯ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ. ಕುದಿಸಲು ಮೂರು ನಾಲ್ಕು ದಿನದ್ದೇ ಲೇಸು.

ರವಿವಾರದ ತತ್ತಿ ಸಾರು

ಗೃಹಿಣಿಗೆ ಕೆಲಸ ಹೆಚ್ಚಿರುವ ದಿನಕ್ಕೆ ಒಂದೇ ಪಾತ್ರೆಯ ಅಡಿಗೆ ಬೇಕು. ಇಲ್ಲಿ ತತ್ತಿಯನ್ನು ಬೇರೆ ಕುದಿಸಿ ಸುಲಿಯುವ ಕೆಲಸವಿಲ್ಲ.

ಬೇಕಾಗುವ ಸಾಮಾನು, ಆರು ಮಂದಿಗೆ: ತತ್ತಿ 6, ಉಳ್ಳಾಗಡ್ಡಿ 3, ಟೊಮೆಟೊ 2, ಬೆಳ್ಳುಳ್ಳಿ 8 ಎಸಳು, ಹಸಿಶುಂಠಿ ಸ್ವಲ್ಪ, ಒಣಕೊಬ್ಬರಿ ತುರಿ 2 ಚಮಚ, ಹುರಿದ ಶೇಂಗಾ ಒಂದು ಹಿಡಿ, ಮಸಾಲೆ ಖಾರ 2 ಚಮಚ, ಅರಿಷಿಣ, ಉಪ್ಪು, ಎಣ್ಣೆ 2 ಚಮಚ, ಕೊತ್ತಂಬರಿ ಸೊಪ್ಪು.

ಮಾಡುವ ವಿಧಾನ: ಒಂದು ಉಳ್ಳಾಗಡ್ಡಿ, ಕೊಬ್ಬರಿ, ಶೇಂಗಾ, ಬೆಳ್ಳುಳ್ಳಿ, ಶುಂಠಿ ಇವುಗಳನ್ನು ನುಣ್ಣಗೆ ಅರೆದುಕೊಳ್ಳಿರಿ. ಅಗಲ ಬೋಗುಣಿಯಲ್ಲಿ ಎಣ್ಣೆ ಕಾಯಿಸಿ ಉಳಿದ ಉಳ್ಳಾಗಡ್ಡಿಯನ್ನು ಹೆಚ್ಚಿ ಕೆಂಪಗೆ ಹುರಿಯಿರಿ. ಟೊಮೆಟೊ, ಅರಿಷಿಣ, ಖಾರ, ಅರೆದ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿರಿ. ನಾಲ್ಕು ಲೋಟ ನೀರು, ಉಪ್ಪು ಹಾಕಿ ಕುದಿಸಿರಿ. ಉರಿ ಸಣ್ಣ ಮಾಡಿ ತತ್ತಿಗಳನ್ನು ಒಂದೊಂದಾಗಿ ಬಟ್ಟಲಿಗೆ ಒಡೆದು, ನೋಡಿ, ಸಾರಿನಲ್ಲಿ ಒಂದಕ್ಕೊಂದು ತಗಲದಂತೆ ಮೆಲ್ಲಗೆ ಬಿಡಿರಿ. ನೇರವಾಗಿ ಸಾರಿಗೆ ಒಡೆಯಬಾರದು. ಒಂದು ಕೆಟ್ಟ ತತ್ತಿ ಬಿದ್ದರೆ ಬೋಗುಣಿಯೆಲ್ಲ ಹಾಳಾಗುತ್ತದೆ. ಸಟ್ಟುಗ ಆಡಿಸದೆ ಮುಚ್ಚಿ 8ರಿಂದ 10 ನಿಮಿಷ ಬೇಯಿಸಿರಿ. ಕೊತ್ತಂಬರಿ ಉದುರಿಸಿ, ಬಿಸಿ ರೊಟ್ಟಿಯೊಂದಿಗೆ ಬಡಿಸಿರಿ.

ಮೆಂತ್ಯೆ ತತ್ತಿ ಪಲ್ಯ

ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯನ್ನು ಒಗ್ಗರಣೆಯಲ್ಲಿ ಬಾಡಿಸಿ, ತೊಳೆದು ಹೆಚ್ಚಿದ ಮೆಂತ್ಯೆ ಎರಡು ಹಿಡಿ, ಅರಿಷಿಣ, ಉಪ್ಪು ಹಾಕಿರಿ. ಮೆಂತ್ಯೆ ಬಾಡಿದ ಮೇಲೆ ನಾಲ್ಕು ತತ್ತಿ ಒಡೆದು ಹಾಕಿ, ಹಸಿ ಲೋಳೆ ಉಳಿಯದಂತೆ ಕೈಯಾಡಿಸಿರಿ. ಇಳಿಸಿ ಲಿಂಬೆರಸ ಹಿಂಡಿರಿ.

ಕಡಲೆಹಿಟ್ಟಿನ ತತ್ತಿ ದೋಸೆ

ತತ್ತಿ ಕಡಿಮೆ ಇದ್ದ ವಾರಕ್ಕೆ ಇದು ಅನುಕೂಲ. ಒಂದು ಬಟ್ಟಲು ಕಡಲೆಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ, ಮೂರು ತತ್ತಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಜೀರಿಗೆ, ಖಾರ, ಉಪ್ಪು ಸೇರಿಸಿ ಕದಡಿರಿ. ಹಂಚಿನ ಮೇಲೆ ಎಣ್ಣೆ ಸವರಿ ತೆಳ್ಳಗೆ ಹೊಯ್ದು ಎರಡೂ ಬದಿ ಬೇಯಿಸಿರಿ. ಮನೆಯ ಕಡಲೆಯೂ ಮನೆಯ ತತ್ತಿಯೂ ಸೇರಿ ಮಕ್ಕಳಿಗೆ ಹೊಟ್ಟೆ ತುಂಬುವ ತಿಂಡಿಯಾಗುತ್ತದೆ.

ತತ್ತಿಯ ಅಡಿಗೆಯನ್ನು ಬಿಸಿಯಿದ್ದಾಗಲೇ ಉಂಡು ಮುಗಿಸಬೇಕು. ಮಧ್ಯಾಹ್ನದ ಸಾರನ್ನು ರಾತ್ರಿಗೆ, ರಾತ್ರಿಯದನ್ನು ಮರುದಿನದ ಬುತ್ತಿಗೆ ಇಡಬಾರದು. ಹಸಿ ತತ್ತಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಒಡೆದ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.

ಬಡಿಸುವ ಲೆಕ್ಕ

ಈ ಲೇಖನದ ಮುಖ್ಯ ಮಾತು ಇದು. ಹಾಲಿಗೆ ನೀರು ಬೆರೆಸಬಹುದು, ಬೇಳೆಯ ಸಾರನ್ನು ತೆಳು ಮಾಡಬಹುದು. ಕೊನೆಗೆ ಉಣ್ಣುವವರಿಗೆ ತಿಳಿನೀರಷ್ಟೇ ಉಳಿದರೂ ಉಳಿದವರಿಗೆ ಗೊತ್ತಾಗುವುದಿಲ್ಲ. ತತ್ತಿ ಹಾಗಲ್ಲ. ಅದು ಎಣಿಕೆಗೆ ಸಿಗುವ ಆಹಾರ. ಆರು ಮಂದಿಯ ಮನೆಯಲ್ಲಿ ಐದು ತತ್ತಿ ಬೇಯಿಸಿದರೆ ಒಬ್ಬರಿಗೆ ಇಲ್ಲವೆಂದು ಒಡೆಯುವಾಗಲೇ ತಿಳಿಯುತ್ತದೆ. ಆ ಒಬ್ಬರು ಯಾರೆಂದೂ ಎಲ್ಲರಿಗೂ ಗೊತ್ತು. ಬಹಳ ಮನೆಗಳಲ್ಲಿ ಅವರು ಒಲೆಯ ಮುಂದೆ ಕುಳಿತವರೇ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಪಾಲಿಗೆ ಸಾರು ಉಳಿಯುತ್ತದೆ, ತತ್ತಿ ಉಳಿಯುವುದಿಲ್ಲ. ಮಗನಿಗೆ ಎರಡು, ಮಗಳಿಗೆ ಅರ್ಧ ಎಂಬ ಲೆಕ್ಕವೂ ಕೆಲವು ಕಡೆ ಇದೆ.

ಆದ್ದರಿಂದ ಸಾರು ಮಾಡುವಾಗ ತತ್ತಿಯನ್ನು ತಲೆ ಎಣಿಸಿ ಹಾಕಿರಿ. ಆ ಎಣಿಕೆಯಲ್ಲಿ ಅಡಿಗೆ ಮಾಡುವವಳನ್ನು ಮೊದಲು ಸೇರಿಸಿರಿ. ಅವಳ ಪಾಲನ್ನು ಬಡಿಸುವ ಮುನ್ನವೇ ಬಟ್ಟಲಿಗೆ ತೆಗೆದು ಮುಚ್ಚಿಡಿರಿ. ಇದನ್ನು ಅವಳಾಗಿ ಮಾಡಿಕೊಳ್ಳುವುದಿಲ್ಲ. ಮನೆಯ ಯಜಮಾನನೋ ಅತ್ತೆಯೋ ಹೇಳಿ ಮಾಡಿಸಬೇಕು. ಬಸುರಿ, ಬಾಣಂತಿ ಇದ್ದರೆ ಅವರ ಪಾಲು ಇನ್ನೂ ಮುಖ್ಯ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಇವರ ಊಟಕ್ಕೆ ತತ್ತಿ ಸೇರಿಸಿದ್ದು ಇದೇ ಕಾರಣಕ್ಕೆ.

ಆರು ತಿಂಗಳು ತುಂಬಿದ ಕೂಸಿಗೆ ಚೆನ್ನಾಗಿ ಬೆಂದ ತತ್ತಿಯನ್ನು ಕಿವುಚಿ ಒಂದು ಚಮಚದಿಂದ ಆರಂಭಿಸಬಹುದು. ಮೈಮೇಲೆ ದದ್ದು, ವಾಂತಿ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಹೃದಯದ ಬೇನೆ, ಸಕ್ಕರೆ ಕಾಯಿಲೆ ಇದ್ದ ಹಿರಿಯರು ಎಷ್ಟು ತಿನ್ನಬಹುದೆಂದು ವೈದ್ಯರನ್ನೇ ಕೇಳಬೇಕು.

ಕೆಲಸದಲ್ಲಿಯೂ ಪಾಲು ಇರಲಿ. ತತ್ತಿ ಆರಿಸಿ ತರುವುದು, ನೀರಿನಲ್ಲಿ ಬಿಟ್ಟು ಪರೀಕ್ಷಿಸುವುದು ಮಕ್ಕಳಿಗೆ ಇಷ್ಟವಾದ ಕೆಲಸ. ಗೂಡು ಬಳಿದು ಬೂದಿ ಹರಡುವುದು, ಉಳ್ಳಾಗಡ್ಡಿ ಹೆಚ್ಚುವುದು ಗಂಡಸರಿಂದಲೂ ಆಗುವಂಥದ್ದು.

ತತ್ತಿ ತಿನ್ನದ ಮನೆಗಳಿಗೆ

ಡಂಬಳದಂಥ ಊರುಗಳಲ್ಲಿ ತತ್ತಿಯನ್ನು ಮುಟ್ಟದ ಮನೆಗಳು ಬಹಳ. ಅದು ಅವರವರ ನಡೆ. ಯಾರೂ ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ಆದರೆ ಹೊಣೆ ಅವರಿಗೂ ಅಷ್ಟೇ ಇದೆ. ರೊಟ್ಟಿಯೊಂದಿಗೆ ಮೊಳಕೆ ಬರಿಸಿದ ಹೆಸರು ಅಥವಾ ಕಡಲೆಯ ಪಲ್ಯ, ಶೇಂಗಾ ಹಿಂಡಿ, ಒಂದು ಬಟ್ಟಲು ಗಟ್ಟಿ ಮೊಸರು ಇದ್ದರೆ ಒಳ್ಳೆಯ ಸಸಾರಜನಕ ದೊರೆಯುತ್ತದೆ. ಬಿ-12 ಜೀವಸತ್ವಕ್ಕೆ ಹಾಲು ಮೊಸರೇ ಅವರಿಗೆ ಆಧಾರ. ಆದ್ದರಿಂದ ಹಾಲನ್ನೆಲ್ಲ ಡೇರಿಗೆ ಅಳೆಯುವ ಮುಂಚೆ ಮನೆಯ ಪಾಲು ತೆಗೆದಿಡಿರಿ. ಮೊಸರನ್ನು ಬಟ್ಟಲಿನ ಲೆಕ್ಕದಲ್ಲಿ ಬಡಿಸಿರಿ. ಆಗ ಅದೂ ತತ್ತಿಯಂತೆ ಎಣಿಕೆಗೆ ಸಿಗುತ್ತದೆ.

ಬರುವ ರವಿವಾರದಿಂದಲೇ ಆರಂಭಿಸಿರಿ. ಗೂಡಿನಲ್ಲಿ ತತ್ತಿ ಎಷ್ಟು, ಮನೆಯಲ್ಲಿ ಮಂದಿ ಎಷ್ಟು ಎಂದು ಎಣಿಸಿ ನೋಡಿರಿ. ಎರಡೂ ಸರಿಹೋದರೆ ಒಲೆ ಹೊತ್ತಿಸಿರಿ. ತತ್ತಿ ಕಡಿಮೆ ಬಿದ್ದರೆ ಕಡಲೆಹಿಟ್ಟು ಕೂಡಿಸಿರಿ, ಮುಂದಿನ ಸಲಕ್ಕೆ ಒಂದು ಹೇಂಟೆ ಹೆಚ್ಚು ಸಾಕಿರಿ. ಮನೆಯವಳ ಪಾಲನ್ನು ಮಾತ್ರ ಕಡಿಮೆ ಮಾಡಬೇಡಿರಿ.